ಗೋಡೆಗೆ ಯಾವ ಟೆಕ್ಸ್ಚರ್? ಡಬ್ಬಿ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

"ಹಾಲ್‌ಗೆ ಯಾವ ಟೆಕ್ಸ್ಚರ್ ಚೆನ್ನಾಗಿರುತ್ತೆ?" ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜೊತೆಗೆ ಒಂದು ಫೋಟೊ ಇರುತ್ತದೆ, ಇದೇ ಥರ ಬೇಕು ಅಂತ. ಫೋಟೊ ನೋಡಿ ಉತ್ತರ ಹೇಳುವುದು ಕಷ್ಟ. ಟೆಕ್ಸ್ಚರ್ ಅಂದರೆ ಗೋಡೆಯ ಮೇಲಿನ ಸಣ್ಣ ಉಬ್ಬುತಗ್ಗು. ನಮ್ಮ ಕಣ್ಣಿಗೆ ಕಾಣುವುದು ಆ ಉಬ್ಬುತಗ್ಗಿನ ನೆರಳು. ನೆರಳು ಬೀಳಬೇಕಾದರೆ ಬೆಳಕು ಬೇಕು, ಅದೂ ಸರಿಯಾದ ದಿಕ್ಕಿನಿಂದ. ಫೋಟೊದಲ್ಲಿರುವ ಬೆಳಕು ನಿಮ್ಮ ಕೋಣೆಯಲ್ಲಿ ಇರುವುದಿಲ್ಲ. ಹಾಗಾಗಿ ಡಿಸೈನ್ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ಮೊದಲು ನಿಮ್ಮ ಗೋಡೆಯನ್ನೇ ನೋಡೋಣ.

ಇದಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಟಾರ್ಚ್ (ಮೊಬೈಲಿನದ್ದೂ ಆಗುತ್ತದೆ), ಅಳತೆ ಟೇಪ್, ಒಂದು ತುಂಡು ದಪ್ಪ ಪ್ಲಾಸ್ಟಿಕ್ ಹಾಳೆ, ಚೆನ್ನಾಗಿ ಅಂಟುವ ಟೇಪ್, ಒದ್ದೆ ಬಟ್ಟೆ, ಮತ್ತು ಎರಡು ಅಡಿ ಚದರದ ಎರಡು ಮೂರು ಪ್ಲೈವುಡ್ ಹಲಗೆ.

1. ಗೋಡೆಯ ಆರೋಗ್ಯ ನೋಡಿ

ಟೆಕ್ಸ್ಚರ್ ಹಾಕಿ ಕೆಲವೇ ತಿಂಗಳಲ್ಲಿ ಉದುರಿತು ಅನ್ನುವವರ ಗೋಡೆ ನೋಡಿದರೆ ಬಹಳ ಸಲ ಕಾರಣ ಒಂದೇ, ತೇವ. ಟೆಕ್ಸ್ಚರ್ ಹಾಕಿದರೆ ತೇವದ ಕಲೆ ಮುಚ್ಚಿಹೋಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಮುಚ್ಚುತ್ತದೆ ನಿಜ, ಆದರೆ ಸ್ವಲ್ಪ ದಿನಕ್ಕೆ ಮಾತ್ರ. ಒಳಗಿನ ನೀರು ಹೊರಗೆ ಬರಲು ದಾರಿ ಹುಡುಕುತ್ತಲೇ ಇರುತ್ತದೆ. ಬರುವಾಗ ಸಿಮೆಂಟು ಮತ್ತು ಇಟ್ಟಿಗೆಯಲ್ಲಿರುವ ಉಪ್ಪನ್ನೂ ಎಳೆದು ತರುತ್ತದೆ. ನೀರು ಆರಿದ ಮೇಲೆ ಆ ಉಪ್ಪು ಹರಳಾಗಿ ಉಬ್ಬಿ, ಮೇಲಿನ ಪದರವನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಬುಡದಲ್ಲಿ ಕಾಣುವ ಬಿಳಿ ಪುಡಿ ಅದೇ.

ಪರೀಕ್ಷೆ ಸುಲಭ. ಅನುಮಾನ ಇರುವ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಗಾಳಿ ಒಳಗೆ ಹೋಗಬಾರದು. ಒಂದೆರಡು ದಿನ ಹಾಗೇ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ನೀರಿನ ಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಕಂಡರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ ಇದೆ, ಗಾಳಿ ಆಡುವಂತೆ ಮಾಡಬೇಕು. ಗೋಡೆಯಿಂದಲೇ ಬರುತ್ತಿದ್ದರೆ ಮೊದಲು ಮೂಲ ಹುಡುಕಿ: ಸೋರುವ ಪೈಪು, ಪಕ್ಕದ ಬಾತ್‌ರೂಮು, ಹೊರಗಿನ ಬಿರುಕು. ಅದು ಸರಿಯಾಗಿ ಗೋಡೆ ಆರುವ ತನಕ ಟೆಕ್ಸ್ಚರ್ ಮಾತೇ ಬೇಡ.

ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಗೋಡೆ "ಟಕ್ ಟಕ್" ಅನ್ನುತ್ತದೆ. ಗಾರೆ ಇಟ್ಟಿಗೆಯಿಂದ ಬಿಟ್ಟಿರುವ ಕಡೆ ಸದ್ದು ಬದಲಾಗಿ, ಮಡಕೆ ತಟ್ಟಿದ ಹಾಗೆ ಟೊಳ್ಳಾಗಿ ಕೇಳುತ್ತದೆ. ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಆ ಭಾಗದ ಗಾರೆ ಕೆತ್ತಿ ಹೊಸದಾಗಿ ಹಾಕಿಸಬೇಕು.

ಇನ್ನೊಂದು, ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಹಳೆ ಬಣ್ಣ ಅಥವಾ ಪುಟ್ಟಿ ಸತ್ವ ಕಳೆದುಕೊಂಡಿದೆ. ಪುಟ್ಟಿ ಅಂದರೆ ಗೋಡೆ ನಯ ಮಾಡಲು ಬಳಿಯುವ ಬಿಳಿ ಲೇಪ. ಸಾದಾ ಬಣ್ಣ ತೆಳ್ಳಗಿರುತ್ತದೆ, ಬಡಕಲು ಪುಟ್ಟಿಯ ಮೇಲೂ ಹೇಗೋ ನಿಂತುಬಿಡುತ್ತದೆ. ಟೆಕ್ಸ್ಚರ್ ಭಾರ. ಪುಟ್ಟಿ ಸಮೇತ ಕಳಚಿಕೊಂಡು ಬರುತ್ತದೆ. ಹಾಗಾಗಿ ದಪ್ಪ ಟೆಕ್ಸ್ಚರ್ ಹಾಕುವ ಗೋಡೆಯಲ್ಲಿ ಪುಡಿಪುಡಿ ಪುಟ್ಟಿಯನ್ನು ಪೂರ್ತಿ ಕೆರೆದು ತೆಗೆಸಿ.

ಹೊಸ ಮನೆಯಾದರೆ ಅವಸರ ಬೇಡ. ಸಿಮೆಂಟ್ ಗಾರೆ ಹದವಾಗಲು ಸುಮಾರು 28 ದಿನ ಬೇಕು. ಹಸಿ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ ಇರುತ್ತದೆ, ಬಣ್ಣವನ್ನು ತಿಂದುಹಾಕುತ್ತದೆ. ಕ್ಷಾರ ತಡೆಯುವ ಪ್ರೈಮರ್ ಕೇಳಿ ತನ್ನಿ. ಪ್ರೈಮರ್ ಅಂದರೆ ಗೋಡೆಗೂ ಮೇಲಿನ ಪದರಕ್ಕೂ ನಡುವೆ ಹಿಡಿತ ಕೊಡುವ ಮೊದಲ ಲೇಪ.

ಎಚ್ಚರಿಕೆ: ಗೋಡೆಯ ಮೇಲೆ ಈಗಾಗಲೇ ಹಳೆಯ ಟೆಕ್ಸ್ಚರ್ ಇದೆಯಾ? ಹಲವು ದಶಕ ಹಿಂದಿನದ್ದಾಗಿದ್ದರೆ ಕೈಯಾರೆ ಕೆರೆಯಬೇಡಿ. ಆಗಿನ ಎಷ್ಟೋ ಟೆಕ್ಸ್ಚರ್ ಮಿಶ್ರಣಗಳಲ್ಲಿ ಆಸ್ಬೆಸ್ಟಾಸ್ ಅನ್ನುವ ಖನಿಜದ ನಾರು ಇರುತ್ತಿತ್ತು. ಬ್ರಿಟನ್ನಿನಲ್ಲಿ ಅದರ ಬಳಕೆ ಪೂರ್ತಿ ನಿಂತಿದ್ದೇ 1999ರಲ್ಲಿ. ಆ ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಹಳೆ ಎಣ್ಣೆ ಬಣ್ಣದಲ್ಲಿ ಸೀಸವೂ ಇರಬಹುದು. ಒಂದು ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಮುಟ್ಟಬೇಡಿ.

2. ಬೆಳಕು ಎಲ್ಲಿಂದ ಬರುತ್ತದೆ?

ಟೆಕ್ಸ್ಚರ್ ಆಯ್ಕೆಯ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ರಾತ್ರಿ ಕೋಣೆಯ ಲೈಟೆಲ್ಲ ಆರಿಸಿ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿಯಿರಿ, ಬೆಳಕು ಗೋಡೆಯನ್ನು ಸವರಿಕೊಂಡು ಹೋಗಬೇಕು. ಹಗಲಲ್ಲಿ ಸಪಾಟಾಗಿ ಕಂಡಿದ್ದ ಗೋಡೆಯಲ್ಲಿ ಕರಣೆಯ ಗೆರೆ, ರೋಲರಿನ ಚುಕ್ಕಿ, ಹಳೆ ಮೊಳೆಗೆ ಹಾಕಿದ ತೇಪೆ, ಎಲ್ಲವೂ ಉದ್ದುದ್ದ ನೆರಳು ಚಾಚಿ ಎದ್ದು ನಿಲ್ಲುತ್ತವೆ. ಈಗ ಅದೇ ಟಾರ್ಚನ್ನು ನಾಲ್ಕು ಹೆಜ್ಜೆ ಹಿಂದೆ ತಂದು ಗೋಡೆಗೆ ನೇರವಾಗಿ ಬಿಡಿ. ಎಲ್ಲ ಮಾಯ. ಗೋಡೆ ಬದಲಾಗಲಿಲ್ಲ, ಬೆಳಕಿನ ದಿಕ್ಕು ಬದಲಾಯಿತು ಅಷ್ಟೆ.

ಇದೇ ಲೆಕ್ಕವನ್ನು ಹಗಲಿಗೂ ಹಿಡಿಯಿರಿ. ಕಿಟಕಿಯ ಪಕ್ಕದ ಗೋಡೆಗೆ ಬೆಳಕು ಓರೆಯಾಗಿ ಬೀಳುತ್ತದೆ. ಅಲ್ಲಿ ಒಂದು ಮಿಲಿಮೀಟರಿನ ಉಬ್ಬೂ ಚೆಂದ ಕಾಣುತ್ತದೆ, ದಪ್ಪ ಟೆಕ್ಸ್ಚರ್ ಹಾಕಿದರೆ ಅತಿಯಾಗುತ್ತದೆ. ಕಿಟಕಿಗೆ ಎದುರಾದ ಗೋಡೆಗೆ ಬೆಳಕು ನೇರವಾಗಿ ಹೊಡೆಯುತ್ತದೆ. ಸಣ್ಣ ಟೆಕ್ಸ್ಚರ್ ಅಲ್ಲಿ ಕಾಣುವುದೇ ಇಲ್ಲ. ಅಲ್ಲಿ ಉಬ್ಬಿಗಿಂತ ಎರಡು ಬಣ್ಣ ಬೆರೆತ ಫಿನಿಶ್ ಕೆಲಸ ಮಾಡುತ್ತದೆ. ಇನ್ನು ಕಿಟಕಿ ಇರುವ ಗೋಡೆಯೇ ಇದೆಯಲ್ಲ, ಅದು ಹಗಲೆಲ್ಲ ನೆರಳಲ್ಲಿರುತ್ತದೆ. ಅದಕ್ಕೆ ಟೆಕ್ಸ್ಚರ್ ಹಾಕಿ ದುಡ್ಡು ಕಳೆಯಬೇಡಿ.

ರಾತ್ರಿಯ ಬೆಳಕನ್ನು ನಾವೇ ಇಡಬಹುದು. ಸೀಲಿಂಗಿನ ಲೈಟು ಗೋಡೆಯಿಂದ ಅರ್ಧ ಅಡಿಯಿಂದ ಒಂದು ಅಡಿಯೊಳಗೆ ಇದ್ದರೆ ಗೋಡೆ ಸವರುವ ಬೆಳಕು ಸಿಗುತ್ತದೆ, ಟೆಕ್ಸ್ಚರ್ ಎದ್ದು ಕಾಣುತ್ತದೆ. ಎರಡು ಮೂರು ಅಡಿ ದೂರ ಇದ್ದರೆ ಬೆಳಕು ಸಮನಾಗಿ ಹರಡಿ ಉಬ್ಬುತಗ್ಗು ಮೆತ್ತಗಾಗುತ್ತದೆ. ಆದ್ದರಿಂದ ವೈರಿಂಗ್ ಕೆಲಸ ಟೆಕ್ಸ್ಚರಿಗಿಂತ ಮೊದಲೇ ಮುಗಿಯಬೇಕು. ಟೆಕ್ಸ್ಚರ್ ಆದಮೇಲೆ ಗೋಡೆ ಕೊರೆದರೆ ಆ ತೇಪೆಯನ್ನು ಮರೆಸುವುದು ತುಂಬಾ ಕಷ್ಟ.

3. ಆ ಗೋಡೆಯನ್ನು ಯಾರು ಮುಟ್ಟುತ್ತಾರೆ?

ಪ್ಯಾಸೇಜಿನಲ್ಲಿ ಭುಜ ತಾಗುತ್ತದೆ. ಮಂಚದ ಹಿಂದೆ ತಲೆ ಒರಗುತ್ತದೆ, ಎಣ್ಣೆ ಕಲೆ ಆಗುತ್ತದೆ. ಮಕ್ಕಳು ಗೋಡೆಗೆ ಕೈ ಸವರಿಕೊಂಡೇ ಓಡುತ್ತಾರೆ. ಇಂಥ ಕಡೆ ಮರಳು ಮರಳಾದ ಒರಟು ಟೆಕ್ಸ್ಚರ್ ಹಾಕಿದರೆ ಚರ್ಮ ತರಚುತ್ತದೆ, ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಕೈಗೆಟುಕುವ ಎತ್ತರದಲ್ಲಿ ನಯವಾದದ್ದೇ ಇರಲಿ.

ಧೂಳಿನದ್ದು ಇನ್ನೊಂದು ಕಥೆ. ಅಡ್ಡ ಗೆರೆಗಳಿರುವ ಟೆಕ್ಸ್ಚರಿನಲ್ಲಿ ಪ್ರತಿ ಗೆರೆಯೂ ಧೂಳು ಕೂರುವ ಪುಟ್ಟ ಅಟ್ಟ. ಉದ್ದ ಗೆರೆಯಾದರೆ ಧೂಳು ಅಷ್ಟು ನಿಲ್ಲುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಧೂಳಿನ ಅಲರ್ಜಿಯೋ ಅಸ್ತಮಾವೋ ಇದ್ದರೆ ಮಲಗುವ ಕೋಣೆಯಲ್ಲಿ ಆಳದ ಟೆಕ್ಸ್ಚರ್ ಬೇಡವೇ ಬೇಡ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಒಲೆಯ ಹಿಂದಿನ ಗೋಡೆಗೂ ಅಷ್ಟೇ. ಎಣ್ಣೆ ಹಬೆ ಉಬ್ಬುತಗ್ಗಿನಲ್ಲಿ ಕೂತು ಜಿಡ್ಡುಗಟ್ಟಿದರೆ ಉಜ್ಜಿ ತೆಗೆಯಲು ಆಗುವುದಿಲ್ಲ.

4. ಬಗೆಗಳನ್ನು ಪರಿಚಯ ಮಾಡಿಕೊಳ್ಳಿ

ಹೆಸರುಗಳು ಕಂಪನಿಗೊಂದು ಥರ ಇರುತ್ತವೆ. ಹೆಸರು ಮರೆತು, ಯಾವುದರಿಂದ ಮಾಡಿದ್ದು, ಎಷ್ಟು ದಪ್ಪ ಅಂತ ಕೇಳಿ.

ಟೆಕ್ಸ್ಚರ್ ಪೇಂಟ್: ಅಕ್ರಿಲಿಕ್ ಬಣ್ಣಕ್ಕೆ ನುಣ್ಣನೆಯ ಮರಳು ಅಥವಾ ಕಲ್ಲಿನ ಪುಡಿ ಬೆರೆಸಿದ್ದು. ರೋಲರ್, ಬಾಚಣಿಗೆಯಂಥ ಹಲ್ಲಿನ ಪಟ್ಟಿ, ಸ್ಪಂಜು, ಕರಣೆ, ಯಾವುದರಿಂದ ಎಳೆದರೆ ಆ ಗುರುತು ಮೂಡುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ಒಳ್ಳೆಯದು. ತಪ್ಪಿದರೆ ಹಸಿ ಇರುವಾಗಲೇ ಸವರಿ ಮತ್ತೆ ಎಳೆಯಬಹುದು.

ಸುಣ್ಣದ ಫಿನಿಶ್: ವೆನೀಶಿಯನ್ ಪ್ಲಾಸ್ಟರ್ ಅಂತ ಮಾರುವುದರ ಅಸಲಿ ರೂಪ ಸುಣ್ಣ ಮತ್ತು ಅಮೃತಶಿಲೆಯ ಪುಡಿ. ತೆಳ್ಳಗೆ ಹಲವು ಪದರ ಹಾಕಿ ಉಕ್ಕಿನ ಕರಣೆಯಿಂದ ತಿಕ್ಕಿ ಹೊಳಪು ತರುತ್ತಾರೆ. ಮುಟ್ಟಿದರೆ ತಣ್ಣಗೆ, ಕಲ್ಲಿನ ಹಾಗೇ. ಕಣ್ಣಿಗೆ ಮಾತ್ರ ಆಳ ಕಾಣುತ್ತದೆ, ಕೈಗೆ ನಯ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ, ಹಾಗಾಗಿ ದಿನ ಕಳೆದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಇದರ ಕ್ಷಾರಗುಣಕ್ಕೆ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಮೊರಾಕೊದ ತದೆಲಕ್ತ್ ಅನ್ನುವ ಪದ್ಧತಿಯಲ್ಲಿ ಸುಣ್ಣದ ಲೇಪವನ್ನು ನುಣ್ಣನೆಯ ಕಲ್ಲಿನಿಂದ ತಿಕ್ಕಿ ಆಲಿವ್ ಎಣ್ಣೆಯ ಸಾಬೂನು ಹಚ್ಚುತ್ತಾರೆ. ಸಾಬೂನು ಸುಣ್ಣದ ಜೊತೆ ಸೇರಿ ನೀರು ಅಂಟದ ಪದರವಾಗುತ್ತದೆ. ಅಲ್ಲಿನ ಸ್ನಾನದ ಮನೆಗಳಿಗೇ ಇದನ್ನು ಬಳಸುತ್ತಾ ಬಂದಿದ್ದಾರೆ. ನನ್ನ ಮನಸ್ಸು ಯಾವಾಗಲೂ ಸುಣ್ಣದ ಕಡೆಗೇ. ಆದರೆ ಕೈ ಪಳಗಿದವರೇ ಬೇಕು, ಮತ್ತು ನಯವಾದ ಪ್ಲಾಸ್ಟಿಕ್ ಬಣ್ಣದ ಮೇಲೆ ನೇರವಾಗಿ ಇದು ಹಿಡಿಯುವುದಿಲ್ಲ. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ, ಕನ್ನಡಕ ಮತ್ತು ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಮಣ್ಣಿನ ಲೇಪ: ಜೇಡಿಮಣ್ಣು, ಮರಳು, ನಾರು. ಕೋಣೆಯ ತೇವವನ್ನು ಹೀರಿ ಮತ್ತೆ ಬಿಡುತ್ತದೆ. ಗೀರು ಬಿದ್ದರೆ ನೀರು ಚಿಮುಕಿಸಿ ಸವರಿದರೆ ಸಾಕು. ನೀರು ಬೀಳುವ ಜಾಗಕ್ಕೆ ಆಗಿಬರುವುದಿಲ್ಲ.

ಮೈಕ್ರೊಸಿಮೆಂಟ್: ಕಾಂಕ್ರೀಟಿನಂಥ ಬೂದು ನೋಟ, ಒಟ್ಟು ದಪ್ಪ ಎರಡು ಮೂರು ಮಿಲಿಮೀಟರ್ ಅಷ್ಟೆ. ಅಷ್ಟು ತೆಳ್ಳಗಿರುವುದರಿಂದ ಕೆಳಗಿನ ಗೋಡೆಯ ಬಿರುಕು ಮೇಲೂ ಬರುತ್ತದೆ. ಕೊನೆಗೆ ಸೀಲರ್, ಅಂದರೆ ನೀರು ಮತ್ತು ಕಲೆ ತಡೆಯುವ ಪಾರದರ್ಶಕ ಲೇಪ, ಬೇಕೇ ಬೇಕು.

ಉಬ್ಬು ವಾಲ್‌ಪೇಪರ್: ಇದು ಹೊಸದೇನಲ್ಲ. ಲಿಂಕ್ರಸ್ಟಾ ಇಂಗ್ಲೆಂಡಿನಲ್ಲಿ 1877ರಲ್ಲೇ ಬಂತು, ಹಗುರವಾದ ಅನಾಗ್ಲಿಪ್ಟಾ 1887ರಲ್ಲಿ. ಮೇಲೆ ಬಣ್ಣ ಬಳಿಯಬಹುದಾದ ಬಗೆಗಳಿವೆ. ಬಾಡಿಗೆ ಮನೆಯವರು ಅಂಟು ನೀರಿಗೆ ಬಿಡುವಂಥದ್ದೇ ಅಂತ ಕೇಳಿ ತೆಗೆದುಕೊಳ್ಳಿ.

ಪ್ಯಾನೆಲ್‌ಗಳು: ಜಿಪ್ಸಮ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪಿವಿಸಿ. ಜಿಪ್ಸಮ್ ನೆನೆದರೆ ಮೆತ್ತಗಾಗುತ್ತದೆ, ಎಂಡಿಎಫ್ ಉಬ್ಬುತ್ತದೆ. ತೇವದ ಗೋಡೆ ಮರೆಮಾಡಲು ಪ್ಯಾನೆಲ್ ಹಾಕಬೇಡಿ, ಹಿಂದೆ ಬೂಷ್ಟು ಬೆಳೆಯುತ್ತಿರುತ್ತದೆ, ನಿಮಗೆ ಕಾಣುವುದಿಲ್ಲ.

5. ಎಷ್ಟು ಗೋಡೆಗೆ?

ಒಂದು ಕೋಣೆಗೆ ಒಂದು ಗೋಡೆ. ಚಿಕ್ಕ ಕೋಣೆಯಲ್ಲಿ ನಾಲ್ಕೂ ಗೋಡೆಗೆ ದಪ್ಪ ಟೆಕ್ಸ್ಚರ್ ಹಾಕಿದರೆ ಕೋಣೆ ಒಳಕ್ಕೆ ಒತ್ತಿಕೊಂಡು ಬಂದ ಹಾಗೆ ಅನಿಸುತ್ತದೆ. ಸುಣ್ಣದಂಥ ನಯವಾದ ಫಿನಿಶ್ ಆದರೆ ನಾಲ್ಕೂ ಗೋಡೆಗೆ ಧೈರ್ಯವಾಗಿ ಹೋಗಿ. ಟೆಕ್ಸ್ಚರಿಗೆ ಆರಿಸಿದ ಗೋಡೆಯಲ್ಲಿ ಕಿಟಕಿ, ಬಾಗಿಲು, ಸ್ವಿಚ್‌ಬೋರ್ಡು ಆದಷ್ಟು ಕಡಿಮೆ ಇರಲಿ. ಫೋಟೊ ಫ್ರೇಮುಗಳು, ಕಪಾಟು ಎಲ್ಲ ಬರುವ ಗೋಡೆಯಾದರೆ ಸುಮ್ನೆ ಸಾದಾ ಬಿಡಿ. ಟೆಕ್ಸ್ಚರ್ ಮೇಲೆ ಫ್ರೇಮು ನೆಟ್ಟಗೆ ಕೂರುವುದೂ ಇಲ್ಲ.

6. ಬಣ್ಣ ಮತ್ತು ಹೊಳಪು

ಉಬ್ಬುತಗ್ಗಿನ ನೆರಳು ಸೇರಿ ಟೆಕ್ಸ್ಚರ್ ಗೋಡೆಯ ಬಣ್ಣ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಹಾಗಾಗಿ ಮನಸ್ಸಿಗೆ ಹಿಡಿಸಿದ ಬಣ್ಣಕ್ಕಿಂತ ಒಂದು ಹಂತ ತಿಳಿಯಾದದ್ದನ್ನು ಆರಿಸಿ. ತುಂಬಾ ಗಾಢ ಬಣ್ಣದಲ್ಲಿ ನೆರಳೇ ಕಾಣದೆ ಟೆಕ್ಸ್ಚರ್ ಸತ್ತುಹೋಗುತ್ತದೆ. ಬೂದು, ಮಣ್ಣು, ಮಾಸಲು ಹಸಿರು, ಇಂಥ ಮಧ್ಯಮ ಬಣ್ಣಗಳಲ್ಲಿ ಅದು ಚೆನ್ನಾಗಿ ಬದುಕುತ್ತದೆ.

ಹೊಳಪಿನ ಮಟ್ಟಕ್ಕೆ ಅಂಗಡಿಯವರು ಶೀನ್ ಅನ್ನುತ್ತಾರೆ. ಮ್ಯಾಟ್ ಅಂದರೆ ಹೊಳಪೇ ಇಲ್ಲ, ಸ್ಯಾಟಿನ್ ಅಂದರೆ ಮಂದ ಹೊಳಪು, ಗ್ಲಾಸ್ ಅಂದರೆ ಥಳಥಳ. ಮ್ಯಾಟ್ ಗೋಡೆಯ ಅಂಕುಡೊಂಕನ್ನು ಮರೆಸುತ್ತದೆ, ಒರೆಸಲು ಕಷ್ಟ. ಹೊಳಪು ಹೆಚ್ಚಾದಷ್ಟೂ ಒರೆಸಲು ಸುಲಭ, ಆದರೆ ಗೋಡೆಯ ಪ್ರತಿ ತಪ್ಪನ್ನೂ ಕೂಗಿ ಹೇಳುತ್ತದೆ. ಮೆಟಾಲಿಕ್ ಬಣ್ಣದ ಬಗ್ಗೆ ಒಂದು ಮಾತು: ಒಂದು ಕಡೆ ಗೀರು ಬಿದ್ದು ಅಷ್ಟಕ್ಕೇ ಟಚ್‌ಅಪ್ ಮಾಡಿದರೆ ಆ ಜಾಗ ಬೇರೆಯೇ ಕಾಣುತ್ತದೆ. ಪೂರ್ತಿ ಗೋಡೆ ಮತ್ತೆ ಮಾಡಬೇಕಾಗುತ್ತದೆ.

ಬಲ್ಬಿನ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2700ರಿಂದ 3000 ಕೆಲ್ವಿನ್ ಅಂತ ಬರೆದಿರುವ ಬಲ್ಬು ಹಳದಿ ಬೆಳಕು ಕೊಡುತ್ತದೆ, 6500 ಅಂದರೆ ನೀಲಿ ಛಾಯೆಯ ಬಿಳಿ. ಒಂದೇ ಬೂದು ಬಣ್ಣ ಮೊದಲನೆಯದರಲ್ಲಿ ಬೆಚ್ಚಗೆ, ಎರಡನೆಯದರಲ್ಲಿ ಆಸ್ಪತ್ರೆಯ ಹಾಗೆ ಕಾಣುತ್ತದೆ.

7. ಹಲಗೆ ಪರೀಕ್ಷೆ

ಅಂಗಡಿಯ ಅಂಗೈಯಗಲದ ಸ್ಯಾಂಪಲ್ ನೋಡಿ ತೀರ್ಮಾನ ಮಾಡಬೇಡಿ. ಡಿಸೈನು ಒಂದು ಸುತ್ತು ಬರುವಷ್ಟೂ ಜಾಗ ಅದರಲ್ಲಿ ಇರುವುದಿಲ್ಲ. ಎರಡು ಅಡಿ ಚದರದ ಹಲಗೆಗೆ ಪ್ರೈಮರ್ ಹೊಡೆದು, ನಿಮ್ಮ ಆಯ್ಕೆಯ ಟೆಕ್ಸ್ಚರನ್ನು ಪೂರ್ತಿ ವಿಧಾನದಲ್ಲಿ ಹಾಕಿಸಿ. ಎರಡು ಮೂರು ಬಗೆ ಇದ್ದರೆ ಒಂದೊಂದಕ್ಕೂ ಒಂದೊಂದು ಹಲಗೆ. ಪೂರ್ತಿ ಆರಿದ ಮೇಲೆ ಆ ಗೋಡೆಗೇ ಒರಗಿಸಿಡಿ, ನೆಲದ ಮೇಲಲ್ಲ, ಕಣ್ಣಿನ ಎತ್ತರಕ್ಕೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಲೈಟ್ ಹಾಕಿದಾಗ, ನಾಲ್ಕೂ ಹೊತ್ತು ನೋಡಿ. ನೀವು ದಿನಾ ಕೂರುವ ಕುರ್ಚಿಯಿಂದಲೇ ನೋಡಿ. ಮೂರು ದಿನ ಇಟ್ಟು ನೋಡಿದರೆ ಇನ್ನೂ ಒಳ್ಳೆಯದು. ಮೊದಲ ದಿನ ಆಹಾ ಅನಿಸಿದ್ದು ಮೂರನೇ ದಿನ ಕಣ್ಣಿಗೆ ಚುಚ್ಚುವುದುಂಟು.

ಆಮೇಲೆ ಹಲಗೆಯನ್ನು ಸ್ವಲ್ಪ ಗೋಳಾಡಿಸಿ. ಕೊಳೆ ಕೈಯಿಂದ ಒಂದು ಮೂಲೆ ಸವರಿ, ಒಂದು ಹನಿ ಎಣ್ಣೆ ಹಚ್ಚಿ, ಪೆನ್ಸಿಲ್ ಗೆರೆ ಎಳೆಯಿರಿ. ಒದ್ದೆ ಬಟ್ಟೆಯಿಂದ ಒರೆಸಿ. ಕಲೆ ಹೋಯಿತಾ? ಬಣ್ಣ ಬಟ್ಟೆಗೆ ಬಂತಾ? ಮೊಣಕೈ ಉಜ್ಜಿ ನೋಡಿ, ಉರಿಯುತ್ತದಾ? ಈ ಎರಡು ನಿಮಿಷದ ಕೆಲಸ ಯಾವ ಬ್ರೋಷರ್‌ಗಿಂತಲೂ ಚೆನ್ನಾಗಿ ಉತ್ತರ ಹೇಳುತ್ತದೆ.

8. ಅಳತೆ ಮತ್ತು ಖರೀದಿ

ಗೋಡೆಯ ಉದ್ದ ಎತ್ತರ ಗುಣಿಸಿ, ಬಾಗಿಲು ಕಿಟಕಿ ಕಳೆಯಿರಿ. ಹತ್ತರಲ್ಲಿ ಒಂದು ಪಾಲು ಜಾಸ್ತಿ ಸೇರಿಸಿ. ಡಬ್ಬಿಯ ಮೇಲೆ ಬರೆದಿರುವ ಚದರ ಅಡಿ ಲೆಕ್ಕ ಸಪಾಟು ಗೋಡೆಯದ್ದಾ, ಆ ದಪ್ಪದ ಟೆಕ್ಸ್ಚರಿನದ್ದಾ ಅಂತ ಕೇಳಿ. ಒರಟು ಮೈಗೆ ಮೇಲಿನ ಬಣ್ಣವೂ ಜಾಸ್ತಿ ಹಿಡಿಯುತ್ತದೆ.

ಎಲ್ಲ ಡಬ್ಬಿಯ ಬ್ಯಾಚ್ ನಂಬರ್ ಒಂದೇ ಇರಲಿ. ಬ್ಯಾಚ್ ಅಂದರೆ ಒಂದೇ ಸಲ ಕಲಸಿದ ಸರಕು. ಬೇರೆ ಬ್ಯಾಚಿನಲ್ಲಿ ಬಣ್ಣ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಗೋಡೆಯ ಮಧ್ಯೆ ಗೆರೆ ಕಾಣುತ್ತದೆ. ಒಂದೇ ಬ್ಯಾಚ್ ಸಿಗದಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿಕೊಂಡು ಬಳಸಿ.

9. ಕೆಲಸದ ದಿನ

ಪೇಂಟರಿಗೆ ಒಪ್ಪಿಸುವುದಾದರೆ ನಿಮ್ಮ ಹಲಗೆಯನ್ನೇ ತೋರಿಸಿ, "ಗೋಡೆ ಹೀಗೇ ಬರಬೇಕು" ಅನ್ನಿ. ಮಾತಿನಲ್ಲಿ ವಿವರಿಸಿದರೆ ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಚಿತ್ರ ಇರುತ್ತದೆ. ಅವರು ಮೊದಲು ಮಾಡಿದ ಗೋಡೆ ಹತ್ತಿರದಲ್ಲಿದ್ದರೆ ಹೋಗಿ ನೋಡಿ. ಮುಖ್ಯವಾಗಿ ಮೂಲೆಗಳು, ಸ್ವಿಚ್‌ಬೋರ್ಡಿನ ಸುತ್ತ, ಸೀಲಿಂಗ್ ಸೇರುವ ಅಂಚು. ಕೈಚಳಕ ಗೊತ್ತಾಗುವುದು ಅಲ್ಲೇ.

ನೀವೇ ಮಾಡುವುದಾದರೆ ಈ ಮೂರು ತಪ್ಪು ಆಗದಂತೆ ನೋಡಿಕೊಳ್ಳಿ.

ಮಧ್ಯದಲ್ಲಿ ನಿಲ್ಲಿಸುವುದು. ಒಂದು ಗೋಡೆ ಶುರು ಮಾಡಿದರೆ ಮೂಲೆಯಿಂದ ಮೂಲೆಗೆ ಒಂದೇ ಸಲ ಮುಗಿಸಬೇಕು. ಅರ್ಧಕ್ಕೆ ನಿಲ್ಲಿಸಿ ಬಂದರೆ ಹಿಂದಿನ ಅಂಚು ಆರಿಹೋಗಿ ಸೇರುವ ಜಾಗದಲ್ಲಿ ಗೆರೆ ಬೀಳುತ್ತದೆ. ಇಬ್ಬರಿದ್ದರೆ ಸುಲಭ. ಒಬ್ಬರು ಬಳಿಯುತ್ತಾ ಮುಂದೆ ಹೋಗಲಿ, ಇನ್ನೊಬ್ಬರು ಹಿಂದಿನಿಂದ ಡಿಸೈನು ಎಳೆಯುತ್ತಾ ಬರಲಿ. ಕೊನೆತನಕ ಅದೇ ಕೈ ಡಿಸೈನು ಎಳೆಯಬೇಕು. ಒಬ್ಬೊಬ್ಬರ ಒತ್ತು ಒಂದೊಂದು ಥರ, ಕೈ ಬದಲಾದರೆ ಗೋಡೆ ಹೇಳಿಬಿಡುತ್ತದೆ.

ಟೇಪನ್ನು ತಡವಾಗಿ ಕೀಳುವುದು. ಅಂಚಿಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಟೆಕ್ಸ್ಚರ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ನಿಧಾನಕ್ಕೆ ಎಳೆಯಿರಿ. ಗಟ್ಟಿಯಾದ ಮೇಲೆ ಎಳೆದರೆ ಅಂಚು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ.

ಅವಸರದಲ್ಲಿ ಮೇಲಿನ ಪದರ ಹಾಕುವುದು. ಮುಟ್ಟಿದರೆ ಆರಿದ ಹಾಗಿದ್ದರೂ ತಗ್ಗಿನೊಳಗೆ ಹಸಿ ಇರುತ್ತದೆ. ಡಬ್ಬಿಯ ಮೇಲಿನ ಸಮಯ ಪಾಲಿಸಿ, ಮಳೆ ಹಿಡಿದ ದಿನಗಳಲ್ಲಿ ಅದಕ್ಕಿಂತ ಜಾಸ್ತಿ ಕಾಯಿರಿ.

ಗೋಡೆ ಉಜ್ಜುವಾಗ ಸಾದಾ ಬಟ್ಟೆಯ ಮಾಸ್ಕ್ ಸಾಲದು. ಕಲ್ಲು, ಮರಳಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಎನ್95 ಮಾಸ್ಕ್ ಹಾಕಿ. ಕಿಟಕಿ ತೆರೆದಿರಲಿ.

10. ಮುಗಿದ ಮೇಲೆ

ಹೊಸ ಟೆಕ್ಸ್ಚರನ್ನು ಕೆಲವು ವಾರ ಒದ್ದೆ ಮಾಡಬೇಡಿ. ಆಮೇಲೆ ವಾರಕ್ಕೊಮ್ಮೆ ಮೆತ್ತನೆ ಬ್ರಷ್‌ನಿಂದಲೋ, ವ್ಯಾಕ್ಯೂಮ್ ಕ್ಲೀನರಿನ ಬ್ರಷ್ ಮೂತಿಯಿಂದಲೋ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ಧೂಳು ತೆಗೆಯದೆ ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ತಗ್ಗಿನಲ್ಲೇ ಕೂರುತ್ತದೆ.

ಮುಂದೊಂದು ದಿನ ಬೇಸರವಾದರೆ ತೆಗೆಯಬಹುದಾ ಅಂತಲೂ ಕೇಳುತ್ತೀರಿ. ತೆಳ್ಳನೆಯದ್ದಾದರೆ ಉಬ್ಬು ಉಜ್ಜಿ ಮೇಲೆ ಪುಟ್ಟಿ ಸವರಿ ಸಪಾಟು ಮಾಡಬಹುದು. ದಪ್ಪದ್ದಾದರೆ ಕೆರೆದೇ ತೆಗೆಯಬೇಕು, ಗಾರೆಯೂ ಅಲ್ಲಲ್ಲಿ ಏಳುತ್ತದೆ. ಇನ್ನೂ ಗಟ್ಟಿ ಮನಸ್ಸಾಗದವರು ತೆಳ್ಳನೆಯದ್ದರಿಂದಲೇ ಶುರು ಮಾಡಿ.

ಉಳಿದ ಸರಕನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಬಣ್ಣದ ಕೋಡ್, ಬ್ಯಾಚ್ ನಂಬರ್, ಹಾಕಿದ ತಿಂಗಳು ಬರೆದು ಅಂಟಿಸಿ. ಪರೀಕ್ಷೆಗೆ ಮಾಡಿದ ಹಲಗೆಯನ್ನು ಎಸೆಯಬೇಡಿ, ಬೀರುವಿನ ಹಿಂದೆ ಇಡಿ. ನಾಳೆ ಸೋಫಾ ಎಳೆಯುವಾಗ ಗೋಡೆಯ ಒಂದು ಚಕ್ಕೆ ಎದ್ದರೆ, ತೇಪೆ ಹಾಕುವುದನ್ನು ಮೊದಲು ಆ ಹಲಗೆಯ ಮೇಲೆ ಮಾಡಿ ನೋಡಬಹುದು.